ಸ್ಪಿರುಲಿನಾ ತೊಟ್ಟಿ ಹಳದಿ ತಿರುಗಿದರೆ ಎಲ್ಲಿಂದ ಹುಡುಕಬೇಕು

"ನಿನ್ನಿ ಸಂಜೀತನಕಾ ಹಸರ ಇತ್ತೋ ತಮ್ಮಾ. ಮುಂಜಾನೆ ನೋಡಿದ್ರ ಹಳದಿ ಆಗೇದ. ಏನ್ ಹಾಕ್ಲಿ?"

ತಿಕೋಟಾ ಕಡೆಯಿಂದ ನಮ್ಮ ಕಾಕಾ ಮಾಡಿದ ಫೋನು ಇದು. ಮೀನಿನ ಮೇವಿಗೆ ಅಂತ ಅವರು ದ್ರಾಕ್ಷಿ ತೋಟದ ಬದಿಯಲ್ಲಿ ಸ್ಪಿರುಲಿನಾ ಅನ್ನುವ ಪಾಚಿ ಬೆಳೆಸುವ ತೊಟ್ಟಿ ಮಾಡಿಕೊಂಡಿದ್ದಾರೆ. ನಾನು ಪಾಚಿ ಬೆಳೆಸುವ ಪ್ರಯೋಗಶಾಲೆಯಲ್ಲಿ ಕೆಲಸ ಮಾಡುವವನು. ಇಂಥ ಫೋನು ನನಗೆ ವಿಜಯಪುರ, ಬಾಗಲಕೋಟೆ ಎರಡೂ ಜಿಲ್ಲೆಗಳಿಂದ ಬರುತ್ತದೆ. ಎಲ್ಲರ ಪ್ರಶ್ನೆಯೂ ಒಂದೇ: ಏನು ಹಾಕಲಿ?

ನನ್ನ ಉತ್ತರವೂ ಒಂದೇ. ತೊಟ್ಟಿಗೆ ಇನ್ನೂ ಏನೂ ಹಾಕಬೇಡಿ. ಕೆಟ್ಟ ಪಾಚಿಗಿಂತ ಅವಸರದಲ್ಲಿ ಸುರಿದ ಗೊಬ್ಬರ ಕೆಡಿಸಿದ ತೊಟ್ಟಿಗಳನ್ನೇ ನಾನು ಜಾಸ್ತಿ ನೋಡಿದ್ದೇನೆ. ಒಂದು ಬಕೆಟ್ ನೀರು ಹೊರಗೆ ತೆಗೆಯಿರಿ. ತಪ್ಪು ಮಾಡುವುದಿದ್ದರೆ ಆ ಬಕೆಟ್ಟಿನಲ್ಲಿ ಮಾಡಿ.

ಮೊದಲು ಕೇಳುವ ಪ್ರಶ್ನೆ: ಯಾವಾಗಿನಿಂದ?

ಬಣ್ಣ ಒಂದೇ ರಾತ್ರಿಯಲ್ಲಿ ಹೋಯಿತೋ, ಹತ್ತು ಹದಿನೈದು ದಿನದಲ್ಲಿ ನಿಧಾನವಾಗಿ ಹೋಯಿತೋ? ಅರ್ಧ ದೋಷ ಇಲ್ಲೇ ಗೊತ್ತಾಗುತ್ತದೆ. ಒಮ್ಮೆಲೇ ಹೋದರೆ ಅದು ಬಿಸಿಲಿನ ಹೊಡೆತ, ವಿಷ, ಇಲ್ಲವೇ ಯೂರಿಯಾದಿಂದ ಹುಟ್ಟಿದ ಅಮೋನಿಯಾ. ನಿಧಾನವಾಗಿ ಹೋದರೆ ಹಸಿವು, ಅಂದರೆ ಸಾರಜನಕ, ಕಬ್ಬಿಣ, ರಂಜಕ ಇವುಗಳಲ್ಲಿ ಒಂದು ಸಾಲುತ್ತಿಲ್ಲ.

ಆದರೆ 'ಒಮ್ಮೆಲೇ' ಅನ್ನುವ ಮಾತನ್ನು ಹಾಗೇ ನಂಬಬೇಡಿ. ದಿನಾ ನೋಡುವ ಕಣ್ಣಿಗೆ ನಿಧಾನದ ಬದಲಾವಣೆ ಕಾಣುವುದೇ ಇಲ್ಲ. ಕಾಕಾನ ಮೊಬೈಲಿನಲ್ಲಿ ಮೂರು ವಾರದ ಫೋಟೋಗಳಿದ್ದವು. ಸಾಲಾಗಿ ನೋಡಿದಾಗ ಬಣ್ಣ ಎರಡು ವಾರದಿಂದಲೇ ಇಳಿಯುತ್ತಾ ಬಂದಿತ್ತು. ಅದಕ್ಕೇ ನಾನು ಎಲ್ಲರಿಗೂ ಹೇಳುತ್ತೇನೆ: ದಿನಾ ಮುಂಜಾನೆ ಒಂದೇ ಹೊತ್ತಿಗೆ, ಗಾಜಿನ ಲೋಟದಲ್ಲಿ ತುಂಬಿ, ಹಿಂದೆ ಬಿಳಿ ಹಾಳೆ ಹಿಡಿದು ಒಂದು ಫೋಟೋ ತೆಗೆದಿಡಿ.

ದುಡ್ಡಿಲ್ಲದ ನಾಲ್ಕು ಪರೀಕ್ಷೆ

ಮೂಗು ಮೊದಲು. ಚೆನ್ನಾಗಿರುವ ಪಾಚಿಗೆ ಹಸಿ ಸೊಪ್ಪಿನಂಥ, ಸ್ವಲ್ಪ ಸಮುದ್ರದಂಥ ವಾಸನೆ ಇರುತ್ತದೆ. ಕೊಳೆತ ವಾಸನೆ ಬಂದರೆ ಪಾಚಿ ಸಾಯುತ್ತಿದೆ. ಮೂಗಿಗೆ ಹತ್ತುವ ಘಾಟು ಬಂದರೆ ಅಮೋನಿಯಾ. ಹಾಗಿದ್ದಾಗ ಮುಂದಿನ ಪರೀಕ್ಷೆಗೆ ಕಾಯದೆ ಯೂರಿಯಾ ನಿಲ್ಲಿಸಿ, ನೀರನ್ನು ಚೆನ್ನಾಗಿ ಕಲಕುತ್ತಿರಿ. ಆ ಗಾಳಿ ಹೊರಗೆ ಹೋಗಬೇಕು.

ಯೂರಿಯಾ ಯಾಕೆ ಇಷ್ಟು ಅಪಾಯ ಅಂತ ಒಂದು ಮಾತು. ಸ್ಪಿರುಲಿನಾ ಬೆಳೆಯುವುದು ಪಿಎಚ್ 9ರಿಂದ 10.5ರ ಕ್ಷಾರದ ನೀರಿನಲ್ಲಿ. ಆ ನೀರಿನಲ್ಲಿ ಯೂರಿಯಾ ಒಡೆದು ಬರುವ ಅಮೋನಿಯಾ ಹೆಚ್ಚಾಗಿ ಗಾಳಿ ರೂಪದಲ್ಲೇ ಉಳಿಯುತ್ತದೆ. ಪಿಎಚ್ 10ರ ಹತ್ತಿರ ನೂರಕ್ಕೆ ಎಂಬತ್ತು ಪಾಲಿಗಿಂತ ಜಾಸ್ತಿ. ಜೀವಕೋಶದೊಳಗೆ ನುಗ್ಗಿ ಕೊಲ್ಲುವುದು ಇದೇ ರೂಪ. ಹೊಲದಲ್ಲಿ ಒಂದು ಮುಷ್ಟಿ ಯೂರಿಯಾ ಏನೂ ಅಲ್ಲ, ತೊಟ್ಟಿಯಲ್ಲಿ ಅದು ಬಹಳ. ನಮ್ಮ ದ್ರಾಕ್ಷಿ ರೈತರ ಮನೆಯಲ್ಲಿ ಸದಾ ಇರುವ 12:61:00 ಗೊಬ್ಬರಕ್ಕೂ (ಅಂಕಿಗಳು ಸಾರಜನಕ, ರಂಜಕ, ಪೊಟ್ಯಾಶ್‌ಗಳ ಪಾಲು) ಇದೇ ಮಾತು, ಅದರಲ್ಲಿರುವ ಸಾರಜನಕವೂ ಅಮೋನಿಯಂ. ರಂಜಕ ಬೇಕಿದ್ದರೆ 0:52:34 ಬಳಸಿ, ಸಾರಜನಕ ಬೇಕಿದ್ದರೆ 13:0:45. ಇವು ಮೀನಿನ ಮೇವಿನ ತೊಟ್ಟಿಗೆ ಹೇಳಿದ ಮಾತು. ಮನುಷ್ಯರು ತಿನ್ನುವ ಪಾಚಿಗೆ ಹೊಲದ ಗೊಬ್ಬರ ಬೇಡವೇ ಬೇಡ. ನೀರಿನಲ್ಲಿರುವ ಭಾರಲೋಹಗಳನ್ನು ಸ್ಪಿರುಲಿನಾ ತನ್ನೊಳಗೆ ಎಳೆದಿಟ್ಟುಕೊಳ್ಳುತ್ತದೆ.

ಎರಡನೆಯದು ಬಟ್ಟೆ. ಕೊಯ್ಲಿಗೆ ಬಳಸುವ ಬಟ್ಟೆಯಲ್ಲೇ ಒಂದು ಲೋಟ ಸೋಸಿ, ಕೆಳಗೆ ಬಂದ ನೀರನ್ನು ನೋಡಿ. ತಿಳಿಯಾಗಿ ತುಸು ಹಳದಿ ಇದ್ದರೆ ಪರವಾಗಿಲ್ಲ. ನೀಲಿ ಇದ್ದರೆ ಜೀವಕೋಶ ಒಡೆದು ಒಳಗಿನ ನೀಲಿ ಬಣ್ಣ ಹೊರಗೆ ಸೋರಿದೆ. ಆ ಬಣ್ಣದ ಹೆಸರು ಫೈಕೋಸಯನಿನ್. ಇನ್ನು ಕೆಳಗಿನ ನೀರು ಹಸಿರಾಗಿಯೇ ಇದ್ದರೆ? ಆಗ ಬಟ್ಟೆಯ ಕಣ್ಣಿನಲ್ಲಿ ತೂರುವಷ್ಟು ಸಣ್ಣ ಗುಂಡನೆಯ ಬೇರೆ ಪಾಚಿ ಸೇರಿಕೊಂಡಿದೆ. ಸಾಮಾನ್ಯವಾಗಿ ಅದು ಕ್ಲೋರೆಲ್ಲಾ. ಸೋಡಾ ಕಡಿಮೆಯಾಗಿ ಪಿಎಚ್ ಇಳಿದ ತೊಟ್ಟಿಗೆ ಅದು ಬರುತ್ತದೆ. ಸೋಸುವಾಗ ಬಟ್ಟೆ ಲೋಳೆ ಹಿಡಿದು ನೀರೇ ಇಳಿಯದಿದ್ದರೆ ಪಾಚಿ ಹಸಿದಿದೆ, ಇಲ್ಲವೇ ಬಿಸಿಲು ಮಿತಿಮೀರಿದೆ.

ಮೂರನೆಯದು ದಟ್ಟಣೆ. ಒಂದು ಸ್ಕೇಲಿನ ತುದಿಗೆ ಬಿಳಿ ಬಾಟಲಿ ಮುಚ್ಚಳ ಅಂಟಿಸಿ ಮುಳುಗಿಸಿ. ಎಷ್ಟು ಸೆಂಟಿಮೀಟರಿಗೆ ಮುಚ್ಚಳ ಕಾಣದಾಗುತ್ತದೆ? 2ರಿಂದ 3 ಆದರೆ ಒಳ್ಳೆಯ ದಟ್ಟಣೆ, ಕೊಯ್ಲು ಮಾಡಬಹುದು. 5ಕ್ಕಿಂತ ಜಾಸ್ತಿ ಇದ್ದರೆ ಪಾಚಿ ತೆಳುವಾಗಿದೆ, ನಮ್ಮ ಬಿಸಿಲಿಗೆ ನೆರಳು ಬೇಕೇ ಬೇಕು.

ನಾಲ್ಕನೆಯದು ತಳ. ಕೈ ಹಾಕಿ ತಳದ ಗಷ್ಟು ಮೇಲೆತ್ತಿ ನೋಡಿ. ಹಸಿರು ಗಷ್ಟಾದರೆ ಕಲಕುವುದು ಸಾಲುತ್ತಿಲ್ಲ. ಬಿಳಿ, ಸುಣ್ಣದಂಥ ಗಷ್ಟಾದರೆ ನೀರಿನ ದೋಷ. ಕಾಕಾನ ತೊಟ್ಟಿಯಲ್ಲಿ ನನ್ನ ಅಂಗೈಗೆ ಬಂದದ್ದು ಬಿಳಿ ಗಷ್ಟು.

ಪಿಎಚ್ ಅಳೆಯುವಾಗ ಮೋಸ ಹೋಗಬೇಡಿ

ಸಣ್ಣ ಪಿಎಚ್ ಮೀಟರನ್ನು ಜನ 4 ಮತ್ತು 7ರ ದ್ರಾವಣದಲ್ಲಿ ಸರಿ ಹೊಂದಿಸುತ್ತಾರೆ. ನಮ್ಮ ಕೆಲಸ ಇರುವುದು 10ರ ಹತ್ತಿರ. ಹಾಗಾಗಿ 7 ಮತ್ತು 10ರ ದ್ರಾವಣದಲ್ಲಿ ಹೊಂದಿಸಿ. ಇಲ್ಲದಿದ್ದರೆ ಮೀಟರು ಹೇಳುವ ಅಂಕಿಯನ್ನು ನಂಬಿ ಸುಮ್ನೆ ಸೋಡಾ ಸುರಿಯುತ್ತೀರಿ.

ಸೋಡಾದ ವಿಷಯದಲ್ಲೂ ಒಂದು ಗೊಂದಲವಿದೆ. ಬೇಕಾದದ್ದು ಅಡುಗೆ ಸೋಡಾ, ಅಂದರೆ ಸೋಡಿಯಂ ಬೈಕಾರ್ಬೊನೇಟ್. ಸಂತೆಯಲ್ಲಿ 'ಸೋಡಾ' ಅಂತ ಕೇಳಿದರೆ ಬಟ್ಟೆ ಒಗೆಯುವ ಸೋಡಾ ಕಟ್ಟಿಕೊಡುವುದುಂಟು. ಅದು ಕಾರ್ಬೊನೇಟ್, ಪಿಎಚ್ ಒಮ್ಮೆಲೇ ಮೇಲೇರುತ್ತದೆ. ಗುರುತಿಸುವುದು ಸುಲಭ. ಅಡುಗೆ ಸೋಡಾ ಕರಗಿಸಿದ ಹೊಸ ನೀರಿನ ಪಿಎಚ್ 8.3ರ ಆಸುಪಾಸು ಇರುತ್ತದೆ. 11ರ ಮೇಲೆ ತೋರಿಸಿದರೆ ಪೊಟ್ಟಣ ಬದಲಾಗಿದೆ.

ತೊಟ್ಟಿಯೇ 10.5 ದಾಟಿ ಏರುತ್ತಿದ್ದರೆ ಪಾಚಿ ತನ್ನ ಪಾಲಿನ ಇಂಗಾಲವನ್ನು ತಿಂದು ಮುಗಿಸುತ್ತಿದೆ ಅಂತ ಅರ್ಥ. ಅಡುಗೆ ಸೋಡಾ ಸೇರಿಸಿದರೆ ಪಿಎಚ್ ಇಳಿಯುತ್ತದೆ. ಸೋಡಾ ಹಾಕಿದರೆ ಏರಬೇಕಲ್ಲ, ಇಳಿಯುವುದು ಹೇಗೆ ಅಂತ ಕೇಳುತ್ತಾರೆ. ತೊಟ್ಟಿಯ ಪಿಎಚ್ ಬೈಕಾರ್ಬೊನೇಟಿನ ಸ್ವಂತ ಪಿಎಚ್‌ಗಿಂತ ಮೇಲಿದೆ, ಅಷ್ಟೇ ಕಾರಣ. 1966ರಲ್ಲಿ ಝರೂಕ್ ಎಂಬ ಸಂಶೋಧಕರು ಬರೆದ ಪಾಕವನ್ನೇ, ಅಂದರೆ ಪಾಚಿ ಬೆಳೆಸುವ ಪೋಷಕ ನೀರಿನ ಅಳತೆಯನ್ನೇ, ಇಂದಿಗೂ ಪ್ರಯೋಗಶಾಲೆಗಳು ಅಳತೆಗೋಲಾಗಿ ಬಳಸುತ್ತವೆ. ಅದರಲ್ಲಿ ಲೀಟರಿಗೆ 16.8 ಗ್ರಾಂ ಬೈಕಾರ್ಬೊನೇಟ್, 2.5 ಗ್ರಾಂ ಸೋಡಿಯಂ ನೈಟ್ರೇಟ್ ಇದೆ. ಕಬ್ಬಿಣದ ಸಲ್ಫೇಟ್ ಬರೀ 0.01 ಗ್ರಾಂ. ಈ ಕೊನೆಯ ಅಂಕಿಯನ್ನು ನೆನಪಿಡಿ.

ಬಾಟಲಿ ಪರೀಕ್ಷೆ

ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಇದೇ ಮುಖ್ಯ. ದೊಡ್ಡ ಪ್ರಯೋಗಶಾಲೆಯಲ್ಲೂ ನಾವು ಮಾಡುವುದು ಇದನ್ನೇ.

ಒಂದು ಲೀಟರಿನ ಆರು ಸ್ವಚ್ಛ ಬಾಟಲಿ ತೆಗೆದುಕೊಳ್ಳಿ. ಎಲ್ಲಕ್ಕೂ ಅದೇ ತೊಟ್ಟಿಯ ಪಾಚಿ ನೀರು ಮುಕ್ಕಾಲು ಭಾಗ ತುಂಬಿ. ಒಂದನೆಯದಕ್ಕೆ ಏನೂ ಬೇಡ. ಎರಡನೆಯದಕ್ಕೆ ಒಂದು ಗ್ರಾಂ 13:0:45. ಮೂರನೆಯದಕ್ಕೆ ಕಬ್ಬಿಣ. ನಾಲ್ಕನೆಯದಕ್ಕೆ 0:52:34, ಕಾಲು ಗ್ರಾಂ ಸಾಕು. ಐದನೆಯದರಲ್ಲಿ ಅರ್ಧ ಚೆಲ್ಲಿ, ಶುದ್ಧ ನೀರಿನ ಘಟಕದಿಂದ ತಂದ ನೀರಿನಲ್ಲಿ ಮಾಡಿದ ಹೊಸ ಪಾಕ ಅಷ್ಟೇ ತುಂಬಿ. ಆರನೆಯದು ಒಂದನೆಯದರಂತೆಯೇ, ಆದರೆ ಎರಡು ಪದರ ಬಿಳಿ ಬಟ್ಟೆ ಸುತ್ತಿ.

ಕಬ್ಬಿಣ ತೂಗುವುದು ಕಷ್ಟ. ಹತ್ತು ಮಿಲಿಗ್ರಾಂ ನಮ್ಮ ತಕ್ಕಡಿಗೆ ಸಿಗುವುದಿಲ್ಲ. ಅದಕ್ಕೆ ಒಂದು ಗ್ರಾಂ ಫೆರಸ್ ಸಲ್ಫೇಟನ್ನು ನೂರು ಮಿಲಿಲೀಟರ್ ನೀರಿನಲ್ಲಿ ಕರಗಿಸಿ, ಒಂದು ಲಿಂಬೆಹಣ್ಣು ಹಿಂಡಿ ಸೋಸಿ. ಈ ದ್ರಾವಣದ ಒಂದು ಮಿಲಿಲೀಟರಿನಲ್ಲಿ ಹೆಚ್ಚುಕಡಿಮೆ ಹತ್ತು ಮಿಲಿಗ್ರಾಂ ಇರುತ್ತದೆ. ಸಿರಿಂಜಿನಲ್ಲಿ ಅಳೆದು ಹಾಕಿ. ಲಿಂಬೆ ಸುಮ್ಮನೆ ಅಲ್ಲ. ಕ್ಷಾರದ ನೀರಿಗೆ ಬಿದ್ದ ಕಬ್ಬಿಣ ಕ್ಷಣದಲ್ಲಿ ತುಕ್ಕಾಗಿ ತಳಕ್ಕೆ ಕೂರುತ್ತದೆ. ಲಿಂಬೆಯ ಸಿಟ್ರಿಕ್ ಆಮ್ಲ ಅದನ್ನು ಸ್ವಲ್ಪ ಹೊತ್ತು ಹಿಡಿದಿಟ್ಟು ಪಾಚಿಯ ಬಾಯಿಗೆ ಸಿಗುವಂತೆ ಮಾಡುತ್ತದೆ. ಪ್ರಯೋಗಶಾಲೆಯಲ್ಲಿ ಇದಕ್ಕೆ ಇಡಿಟಿಎ ಅನ್ನುವ ರಾಸಾಯನಿಕ ಬಳಸುತ್ತೇವೆ. ಇಂಡಿ ಲಿಂಬೆಯ ಸೀಮೆಯಲ್ಲಿ ಅದಿಲ್ಲ ಅಂತ ಕೆಲಸ ನಿಲ್ಲಿಸಬೇಕಾಗಿಲ್ಲ.

ಬಾಟಲಿಗಳನ್ನು ಬೇವಿನ ಮರದ ತೆಳು ನೆರಳಿನಲ್ಲಿ, ನೀರು ತುಂಬಿದ ಬುಟ್ಟಿಯೊಳಗೆ ನಿಲ್ಲಿಸಿ. ಬರೀ ನೆಲದ ಮೇಲಿಟ್ಟರೆ ಮಧ್ಯಾಹ್ನ ಕಾದು ಪಾಚಿ ಬೇಯುತ್ತದೆ. ಮುಚ್ಚಳ ಸಡಿಲ ಇರಲಿ. ದಿನಕ್ಕೆ ಐದಾರು ಸಲ ಕುಲುಕಿ. ಎರಡು ಮೂರು ದಿನ ಕಾಯಿರಿ.

ಓದುವುದು ಹೀಗೆ. ಎರಡು, ಮೂರು, ನಾಲ್ಕರಲ್ಲಿ ಯಾವುದೋ ಒಂದು ಮಾತ್ರ ಹಸಿರಾದರೆ ಅದೇ ಕೊರತೆ. ಆರನೆಯದು ಮಾತ್ರ ಚೇತರಿಸಿದರೆ ಬಿಸಿಲು ಜಾಸ್ತಿ. ಐದನೆಯದು ಮಾತ್ರ ಚೇತರಿಸಿದರೆ ನೀರಿನಲ್ಲೇ ಏನೋ ಕೂಡಿಕೊಂಡಿದೆ, ಗೊಬ್ಬರ ಹಾಕಿ ಪ್ರಯೋಜನವಿಲ್ಲ, ನೀರು ಬದಲಿಸಬೇಕು. ಒಂದನೆಯದೂ ತಾನಾಗಿಯೇ ಚೇತರಿಸಿತೋ? ಆಗ ದೋಷ ತೊಟ್ಟಿಯ ಜಾಗದಲ್ಲಿದೆ: ಕಲಕುವುದು, ಆಳ, ಇಲ್ಲವೇ ಬಿಸಿ.

ಕಾಕಾ ಫೋನು ಮಾಡುವ ಮೊದಲೇ ಎರಡು ಸಲ 13:0:45 ಹಾಕಿದ್ದರು. ಎಲೆ ಹಳದಿ ಆದರೆ ಸಾರಜನಕ ಕೊಡಬೇಕು ಅನ್ನುವುದು ತೋಟದ ಲೆಕ್ಕ. ಪಾಚಿಗೂ ಅದು ತಪ್ಪಲ್ಲ. ಸಾರಜನಕ ಸಿಗದಿದ್ದಾಗ ಸ್ಪಿರುಲಿನಾ ತನ್ನ ನೀಲಿ ಬಣ್ಣವನ್ನೇ ಒಡೆದು ತಿನ್ನುತ್ತದೆ, ಹಳದಿ ಕಾಣುತ್ತದೆ. ಆದರೆ ಕಬ್ಬಿಣ ಸಿಗದಿದ್ದರೂ ಹಳದಿಯೇ. ಬರಿಗಣ್ಣಿಗೆ ಎರಡೂ ಒಂದೇ. ಬಾಟಲಿ ಇಟ್ಟು ಎರಡನೇ ದಿನ ಸಂಜೆ ಮೂರನೆಯದು ಕಣ್ಣಿಗೆ ಕಾಣುವಷ್ಟು ಗಾಢವಾಗಿತ್ತು. ಐದನೆಯದು ಕೂಡ. ಎರಡನೆಯದು ಇದ್ದ ಹಾಗೇ ಇತ್ತು.

ಬೋರಿನ ನೀರು, ಬೇಸಿಗೆಯ ಲೆಕ್ಕ

ಕಬ್ಬಿಣ ಹಾಕುತ್ತಿದ್ದರೂ ಯಾಕೆ ಸಿಗಲಿಲ್ಲ? ಆ ಬಿಳಿ ಗಷ್ಟು ಉತ್ತರ ಹೇಳಿತು.

ಕಾಕಾನ ತೊಟ್ಟಿ 20 ಚದರ ಮೀಟರ್, ಆಳ 20 ಸೆಂಟಿಮೀಟರ್. ಅಂದರೆ 4,000 ಲೀಟರ್. ಏಪ್ರಿಲ್ ಮೇ ಬಿಸಿಲಿಗೆ ದಿನಕ್ಕೆ ಒಂದು ಸೆಂಟಿಮೀಟರ್ ಆರಿ ಹೋಗುತ್ತಿತ್ತು, ಅದು 200 ಲೀಟರ್. ಅಷ್ಟನ್ನೂ ದಿನಾ ಬೋರಿನಿಂದ ತುಂಬುತ್ತಿದ್ದರು. ಎರಡು ತಿಂಗಳಿಗೆ 12,000 ಲೀಟರ್. ಆವಿಯಾಗಿ ಹೋಗುವುದು ನೀರು ಮಾತ್ರ, ಅದರೊಳಗಿನ ಸುಣ್ಣ ಎಲ್ಲಿ ಹೋಗಬೇಕು? ನೀರಿನ ಗಡಸುತನ ಲೀಟರಿಗೆ 600 ಮಿಲಿಗ್ರಾಂ ಇತ್ತು. ಬೇರೆ ನೀರಿಲ್ಲದಿದ್ದಾಗ ಕುಡಿಯಲು ಭಾರತೀಯ ಮಾನಕ ಒಪ್ಪುವ ಕೊನೆಯ ಮಿತಿ ಇದು. ಗುಣಿಸಿ ನೋಡಿ, ಏಳು ಕಿಲೋಗಿಂತ ಜಾಸ್ತಿ ಸುಣ್ಣದ ಅಂಶ ಆ ಒಂದು ತೊಟ್ಟಿಗೆ ಬಂದು ಬಿದ್ದಿದೆ.

ಕ್ಷಾರದ ನೀರಿಗೆ ಬಿದ್ದ ಈ ಕ್ಯಾಲ್ಸಿಯಂ ಮೊದಲು ಕಾರ್ಬೊನೇಟ್ ಜೊತೆ ಸೇರಿ ಹಾಲಿನಂತೆ ಮಬ್ಬಾಗುತ್ತದೆ. ಆಮೇಲೆ ತಳಕ್ಕೆ ಇಳಿಯುತ್ತದೆ. ಇಳಿಯುವಾಗ ರಂಜಕವನ್ನೂ ಕಬ್ಬಿಣವನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತದೆ. ನೀವು ಮೇಲಿನಿಂದ ಹಾಕುತ್ತೀರಿ, ಸುಣ್ಣ ಕೆಳಗೆ ಕಟ್ಟಿಹಾಕುತ್ತದೆ. ಪಾಚಿಗೆ ಏನೂ ಸಿಗುವುದಿಲ್ಲ.

ಪರಿಹಾರ ಕಷ್ಟವಲ್ಲ. ಬೇರೆ ಡ್ರಮ್ಮಿನಲ್ಲಿ ಬೋರಿನ ನೀರಿಗೆ ಬಟ್ಟೆ ಸೋಡಾ ಸ್ವಲ್ಪ ಸ್ವಲ್ಪವೇ ಹಾಕಿ ಕಲಕಿ. ಇಲ್ಲಿ ಅದೇ ಬೇಕು. ನೀರು ಬೆಳ್ಳಗಾಗುತ್ತದೆ. ಒಂದು ರಾತ್ರಿ ಬಿಡಿ, ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿ ನೀರನ್ನು ಮಾತ್ರ ತೊಟ್ಟಿಗೆ ಬಿಡಿ. ಮಳೆಗಾಲದಲ್ಲಿ ಮಾಳಿಗೆಯ ನೀರು ಹಿಡಿದಿಟ್ಟುಕೊಂಡವರಿಗೆ ಈ ತಾಪತ್ರಯವೇ ಇಲ್ಲ. ನಳದ ನೀರಾದರೆ ಕ್ಲೋರಿನ್ ಹೋಗಲು ಒಂದು ದಿನ ಬಿಸಿಲಿಗೆ ತೆರೆದಿಡಿ. ಕಾಕಾ ಮೂರನೇ ಒಂದು ಭಾಗ ನೀರು ತೆಗೆದು, ತಳದ ಗಷ್ಟು ಬಳಿದು, ತಿಳಿ ನೀರಿನಲ್ಲಿ ಹೊಸ ಪಾಕ ಹಾಕಿದರು. ಲಿಂಬೆ ಹಿಂಡಿದ ಕಬ್ಬಿಣವನ್ನು ವಾರಕ್ಕೊಮ್ಮೆಯ ಬದಲು ದಿನಾ ಸ್ವಲ್ಪ ಕೊಟ್ಟರು. ಐದನೇ ದಿನದ ಫೋಟೋದಲ್ಲಿ ಹಸಿರು ತಿರುಗಿತ್ತು.

ಕರೆಂಟಿನ ಪಾಳಿ

ಇದನ್ನು ಪುಸ್ತಕಗಳಲ್ಲಿ ಯಾರೂ ಬರೆಯುವುದಿಲ್ಲ. ನಮ್ಮಲ್ಲಿ ಹೊಲದ ತ್ರೀ ಫೇಸ್ ಕರೆಂಟು ಪಾಳಿಯ ಮೇಲೆ ಬರುತ್ತದೆ. ರಾತ್ರಿ ಪಾಳಿ ಬಂದ ವಾರ ಕಲಕುವ ಚಕ್ರ ರಾತ್ರಿಯಿಡೀ ತಿರುಗುತ್ತದೆ, ಹಗಲು ನಿಲ್ಲುತ್ತದೆ. ಪಾಚಿಗೆ ಬೇಕಾದದ್ದು ಇದರ ಉಲ್ಟಾ. ಸ್ಪಿರುಲಿನಾ ಎಳೆಗಳು ನಿಂತ ನೀರಿನಲ್ಲಿ ಮೇಲೆ ತೇಲುತ್ತವೆ. ಮಧ್ಯಾಹ್ನದ ಬಿಸಿಲಿಗೆ ಮೇಲಿನ ಕೆನೆ ಸುಟ್ಟು ಬೆಳ್ಳಗಾಗುತ್ತದೆ, ಕೆಳಗಿನದಕ್ಕೆ ಬೆಳಕೇ ಇಲ್ಲ.

ಹಾಗಾಗಿ ವಾರ ಬಿಟ್ಟು ವಾರ ಕೆಡುವ ತೊಟ್ಟಿ ಕಂಡರೆ ನಾನು ಗೊಬ್ಬರದ ಮಾತು ಎತ್ತುವುದೇ ಇಲ್ಲ, ಪಾಳಿಯ ವೇಳಾಪಟ್ಟಿ ಕೇಳುತ್ತೇನೆ. ಬೆಳಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಗಂಟೆಗೊಮ್ಮೆ ಉದ್ದ ಹಿಡಿಯ ಕಸಬರಿಗೆಯಿಂದ ಎರಡು ಸುತ್ತು ಕಲಕಿದರೂ ತೊಟ್ಟಿ ಉಳಿಯುತ್ತದೆ.

ಜನವರಿಯ ದೋಷ ಬೇರೆ. ಮುಂಜಾನೆ ನೀರು 20 ಡಿಗ್ರಿಗಿಂತ ಕೆಳಗೆ, ಪಾಚಿ ಇನ್ನೂ ಮರಗಟ್ಟಿದೆ, ಆದರೆ ಎಂಟು ಗಂಟೆಗೇ ಚುರುಕು ಬಿಸಿಲು. ತಣ್ಣಗಿನ ಪಾಚಿಗೆ ಅಷ್ಟು ಬೆಳಕನ್ನು ಬಳಸಿಕೊಳ್ಳಲು ಆಗುವುದಿಲ್ಲ, ಆ ಬೆಳಕೇ ಅದನ್ನು ಸುಡುತ್ತದೆ. ಹತ್ತು ಗಂಟೆಯವರೆಗೆ ಶೇಡ್ ನೆಟ್ ಹೊದಿಸಿ. 30ರಿಂದ 37 ಡಿಗ್ರಿ ಅದಕ್ಕೆ ಹಿತ. 40 ದಾಟಿ ತಾಸುಗಟ್ಟಲೆ ನಿಂತರೆ ಸಾವು.

ಯಾವ ಬಾಟಲಿಯೂ ಚೇತರಿಸದಿದ್ದರೆ

ಆಗ ಪರೀಕ್ಷೆಯನ್ನು ತಿರುಗಿಸಿ. ಕೆಟ್ಟ ತೊಟ್ಟಿಯ ನೀರನ್ನು ದಟ್ಟ ಬಟ್ಟೆಯಲ್ಲಿ ಸೋಸಿ, ಅದಕ್ಕೆ ಬೇರೆಯವರ ಆರೋಗ್ಯವಂತ ಪಾಚಿ ಸ್ವಲ್ಪ ಬಿಡಿ. ಎರಡು ದಿನದಲ್ಲಿ ಅದೂ ಸತ್ತರೆ ನೀರಿನಲ್ಲಿ ವಿಷ ಇದೆ.

ಬಬಲೇಶ್ವರ ಕಡೆಯ ಒಬ್ಬ ಅಕ್ಕನ ತೊಟ್ಟಿಯಲ್ಲಿ ಹೀಗೇ ಆಯಿತು. ಅಕ್ಟೋಬರ್ ಚಾಟ್ನಿ, ಅಂದರೆ ದ್ರಾಕ್ಷಿ ಬಳ್ಳಿ ಕತ್ತರಿಸುವ ಕೆಲಸ, ಮುಗಿದು ತೋಟಗಳಲ್ಲಿ ಎಣ್ಣೆ (ಔಷಧಿ) ಹೊಡೆಯುವ ಹೊತ್ತು. ಗಾಳಿಯಲ್ಲಿ ತೂರಿ ಬಂತೇನೋ ಅಂದುಕೊಂಡೆವು. ಆಮೇಲೆ ಅಕ್ಕ ನೆನಪು ಮಾಡಿಕೊಂಡು ಹೇಳಿದರು: "ನೀರ ತುಂಬೂ ಡ್ರಮ್ಮ ಒಡದಿತ್ರೀ. ಎರಡ ದಿನ ಬೋರ್ಡೋ ಕಲಸೂ ಡ್ರಮ್ಮಿನ್ಯಾಗ ತಂದ ಹಾಕೀವಿ." ಬೋರ್ಡೋ ಅಂದರೆ ಬಳ್ಳಿಯ ಬೂಸ್ಟು ರೋಗಕ್ಕೆ ಹೊಡೆಯುವ ಔಷಧಿ, ಅದರಲ್ಲಿರುವುದು ಮೈಲುತುತ್ತು, ಅಂದರೆ ತಾಮ್ರ. ಕೆರೆಯ ಪಾಚಿ ಕೊಲ್ಲಲು ಬಳಸುವುದೇ ಅದನ್ನು. ಡ್ರಮ್ಮನ್ನು ಎಷ್ಟು ತೊಳೆದರೂ ನಂಬಬೇಡಿ. ಜಮಖಂಡಿ, ಮುಧೋಳ ಕಡೆ ಕಬ್ಬಿಗೆ ಹೊಡೆಯುವ ಕಳೆನಾಶಕಗಳೂ ಹೀಗೇ. ಅವುಗಳಲ್ಲಿ ಕೆಲವು ಎಲೆ ಬೆಳಕಿನಿಂದ ಆಹಾರ ಮಾಡುವ ಕೆಲಸವನ್ನೇ ನಿಲ್ಲಿಸುವಂಥವು. ಪಾಚಿಯಲ್ಲಿ ನಡೆಯುವುದೂ ಅದೇ ಕೆಲಸ.

ನೀರು ಶುದ್ಧವಿದ್ದು, ಹಗಲು ರಾತ್ರಿ ಪಾಚಿ ತೆಳುವಾಗುತ್ತಲೇ ಇದ್ದರೆ ತಿನ್ನುವ ಹುಳ ಇದೆಯೋ ನೋಡಿ. ಶಾಲೆಯ ಸೂಕ್ಷ್ಮದರ್ಶಕ ಸಾಕು. ನೂರು ಪಟ್ಟು ಹಿಗ್ಗಿಸಿದರೆ ಸ್ಪ್ರಿಂಗಿನಂಥ ಎಳೆಗಳ ನಡುವೆ ಓಡಾಡುವ ರೋಟಿಫರ್‌ಗಳು ಕಾಣುತ್ತವೆ. ಪಿಎಚ್ ಅನ್ನು 10ರ ಮೇಲೆ ಹಿಡಿದಿಟ್ಟರೆ ಅವು ತಗ್ಗುತ್ತವೆ. ನೊಣದ ಮರಿ, ಸೊಳ್ಳೆ ಮರಿಗಳನ್ನು ಚಹಾ ಜರಡಿಯಲ್ಲಿ ಎತ್ತಿ, ಮೇಲೆ ಸೊಳ್ಳೆ ಪರದೆ ಕಟ್ಟಿ.

ಸತ್ತ ತೊಟ್ಟಿಯನ್ನು ಏನು ಮಾಡಬೇಕು

ನೀಲಿ ಸೋರಿದ, ಕೊಳೆತ ವಾಸನೆ ಬಂದ ಪಾಚಿಯನ್ನು ಯಾರಿಗೂ ತಿನ್ನಿಸಬೇಡಿ. ಒಣಗಿಸಿ ಮೀನಿಗೆ ಹಾಕೋಣ ಅನ್ನಿಸುತ್ತದೆ, ದುಡ್ಡು ಹಾಕಿದ್ದೇವೆ ಅಲ್ವಾ? ಆದರೂ ಬೇಡ.

ಆ ನೀರನ್ನು ಎರೆ ಹೊಲಕ್ಕೂ ಬಿಡಬೇಡಿ. ಅದರ ತುಂಬ ಸೋಡಿಯಂ ಇದೆ. ನಮ್ಮ ಕರಿಮಣ್ಣು ಅದನ್ನು ಹಿಡಿದುಕೊಂಡರೆ ಸವಳು ಬೀಳುತ್ತದೆ, ಮತ್ತೆ ಸರಿ ಮಾಡಲು ವರ್ಷಗಳು ಬೇಕು. ಬೆಳೆ ಇಲ್ಲದ ಕಡೆ, ಬಾವಿ ಬೋರಿನಿಂದ ದೂರ, ಪ್ಲಾಸ್ಟಿಕ್ ಹಾಳೆ ಹಾಸಿದ ತಗ್ಗಿನಲ್ಲಿ ಬಿಟ್ಟು ಬಿಸಿಲಿಗೆ ಆರಿಸಿ.

ತೊಟ್ಟಿ ತೊಳೆದು ಎರಡು ದಿನ ಒಣಗಿಸಿ, ಮತ್ತೆ ಶುರು ಮಾಡಿ. ಹೊಸ ಬೀಜ, ಅಂದರೆ ಆರೋಗ್ಯವಂತ ಪಾಚಿ, ಬಿಟ್ಟಾಗ ಒಮ್ಮೆಲೇ ತೊಟ್ಟಿ ತುಂಬಿಸಬೇಡಿ. ಒಂದು ಮೂಲೆಯಲ್ಲಿ ಅಡ್ಡ ಕಟ್ಟಿ, ದಟ್ಟವಾಗಿ, ನೆರಳಿನಲ್ಲಿ ಬೆಳೆಸಿ. ಮುಚ್ಚಳ 3 ಸೆಂಟಿಮೀಟರಿಗೆ ಮರೆಯಾದ ದಿನ ಹೊಸ ಪಾಕ ಸೇರಿಸಿ ಜಾಗ ಸ್ವಲ್ಪ ಹಿಗ್ಗಿಸಿ, ಮತ್ತೆ ಕಾಯಿರಿ. ಕಾಕಾ ಈಗ ಹತ್ತು ಲೀಟರಿನ ಎರಡು ಕ್ಯಾನುಗಳಲ್ಲಿ ಬೀಜ ತುಂಬಿ, ಬಾಯಿಗೆ ತೆಳು ಬಟ್ಟೆ ಕಟ್ಟಿ, ಪಡಸಾಲೆಯ ಕಿಟಕಿಯ ಹತ್ತಿರ ಇಟ್ಟಿದ್ದಾರೆ. ಕಾಕು ದಿನಾ ಕಸ ಗುಡಿಸುವಾಗ ಅವನ್ನು ಒಮ್ಮೆ ಕುಲುಕುತ್ತಾರೆ. ವಾರಕ್ಕೊಮ್ಮೆ ಒಂದು ಲೀಟರ್ ತೆಗೆದು ಹೊಸ ಪಾಕ ತುಂಬುತ್ತಾರೆ.